ಪರಸ್ಥಳದಲ್ಲಿ ಹೊಸ ಉಪಾಧ್ಯಾಯ

ಉಪಾಧ್ಯಾಯ ವೃತ್ತಿಗೆ ಹೊಸದಾಗಿ ಸೇರುವವನ ಕೈಗೆ ಮೊದಲು ಬರುವುದು ನೇಮಕಾತಿಯ ಆದೇಶ. ಅದರಲ್ಲಿ ಹುದ್ದೆಯ ಹೆಸರಿರುತ್ತದೆ, ಸಂಬಳದ ಶ್ರೇಣಿಯಿರುತ್ತದೆ, ಇಂತಿಷ್ಟು ದಿನಗಳ ಒಳಗೆ ಹಾಜರಾಗತಕ್ಕದ್ದೆಂಬ ಕಟ್ಟಪ್ಪಣೆಯಿರುತ್ತದೆ. ಆದರೆ ಓದುವವನ ಕಣ್ಣು ಇವೆಲ್ಲವನ್ನೂ ದಾಟಿಕೊಂಡು ಹೋಗಿ ಒಂದೇ ಒಂದು ಮಾತಿನ ಮೇಲೆ ನಿಲ್ಲುತ್ತದೆ. ಅದು ಊರಿನ ಹೆಸರು. ಆ ಊರು ತನ್ನ ಜಿಲ್ಲೆಯದಾದರೆ ಮನೆಯಲ್ಲಿ ಪಾಯಸ. ನಾಡಿನ ಇನ್ನೊಂದು ತುದಿಯದಾದರೆ ತಾಯಿ ಮಾತಿಲ್ಲದೆ ಒಳಗೆ ಹೋಗುತ್ತಾಳೆ, ತಂದೆ ಭೂಪಟವನ್ನು ಹುಡುಕುತ್ತಾನೆ, ನೆರೆಯವರು ಬಂದು "ಎರಡು ವರ್ಷ ಕಣ್ಣು ಮುಚ್ಚಿಕೊಂಡು ಕಳೆದುಬಿಡು, ಆಮೇಲೆ ವರ್ಗ ಮಾಡಿಸಿಕೊಂಡರಾಯಿತು" ಎಂದು ಸಮಾಧಾನ ಹೇಳುತ್ತಾರೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಈ ಕಣ್ಣು ಮುಚ್ಚಿಕೊಳ್ಳುವ ವಿಚಾರವಾಗಿಯೇ. ದೂರದ ಊರಿಗೆ ಹೋದ ಹೊಸ ಉಪಾಧ್ಯಾಯನಿಗೆ ಊಟ ವಸತಿಗಳ ಕಷ್ಟ ಇದ್ದೇ ಇದೆ. ಅದು ಕೆಲವು ತಿಂಗಳ ಕಷ್ಟ. ಅದಕ್ಕಿಂತ ದೊಡ್ಡದಾದ, ಅವನ ಕಣ್ಣಿಗೆ ಬೀಳದೆ ಹೋಗಬಹುದಾದ ಕಷ್ಟ ಇನ್ನೊಂದಿದೆ. ಅದನ್ನು ಅನುಭವಿಸುವವನು ಅವನಲ್ಲ, ಅವನ ಎದುರಿಗೆ ಕುಳಿತ ವಿದ್ಯಾರ್ಥಿ.

ವಿಷಯ ತಿಳಿಯಾಗಲೆಂದು ನನ್ನದೇ ಪ್ರಸಂಗವನ್ನು ಎತ್ತಿಕೊಳ್ಳುತ್ತೇನೆ. ನಾನು ಶಿವಮೊಗ್ಗ ಜಿಲ್ಲೆಯವನು. ಕನ್ನಡದಲ್ಲಿ ಎಂ.ಎ. ಮುಗಿಸಿದ ಮೇಲೆ 1984ರ ಜುಲೈ ತಿಂಗಳಿನಲ್ಲಿ ಬೀದರ ಜಿಲ್ಲೆಯ ಒಂದು ತಾಲ್ಲೂಕು ಊರಿನ ಜೂನಿಯರ್ ಕಾಲೇಜಿಗೆ ಕನ್ನಡ ಉಪನ್ಯಾಸಕನಾಗಿ ಹೋದೆ. ಬೀದರ ನಮ್ಮ ರಾಜ್ಯದ ಬಡಗಣ ತುದಿ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 700 ಕಿಲೋಮೀಟರು. ಹೈದರಾಬಾದಿನಿಂದ 150ಕ್ಕೂ ಕಡಿಮೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಸೀಮೆಯ ಇತಿಹಾಸದ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ. ಆದರೆ ಆಗ ಹಾಗೆ ಇಟ್ಟು ನೋಡುವ ತಾಳ್ಮೆ ನನಗಿರಲಿಲ್ಲ. ರೈಲು ರಾಯಚೂರನ್ನು ದಾಟಿ, ವಾಡಿಯನ್ನು ದಾಟಿ, ಅಂದಿನ ಗುಲ್ಬರ್ಗದಲ್ಲಿ ನನ್ನನ್ನು ಇಳಿಸಿದಾಗ, ತಗಡಿನ ಟ್ರಂಕನ್ನೂ ಹಾಸಿಗೆಯ ಸುರುಳಿಯನ್ನೂ ಮುಂದೆ ಇಟ್ಟುಕೊಂಡು, ಇನ್ನೂ ಬಸ್ಸಿನ ಪ್ರಯಾಣ ಉಳಿದಿದೆಯಲ್ಲ ಎಂದು ನಿಟ್ಟುಸಿರು ಬಿಟ್ಟವನು ನಾನು.

ಮಲೆನಾಡಿನ ಅನ್ನ ಉಂಡು ಬೆಳೆದವನಿಗೆ ಜೋಳದ ಸೀಮೆ ಹೊಸದು. ನಸುಕಿನಲ್ಲಿ ಓಣಿಯ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ, ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ಮೊದಲ ದಿನ ನಾನು ಎದ್ದು ಹೋಗಿ ಕದ ತೆರೆದದ್ದುಂಟು. ಅಂತರ್ದೇಶೀಯ ಪತ್ರ ಮನೆ ತಲುಪಲು ಐದಾರು ದಿನ. ಮರುಟಪಾಲಿಗೆ ಇನ್ನು ಐದಾರು ದಿನ. ತಂಗಿಗೆ ಜ್ವರ ಎಂಬ ಸುದ್ದಿ ಬಂದು ಕೈಸೇರುವ ಹೊತ್ತಿಗೆ ಅವಳು ಗುಣವಾಗಿ ಶಾಲೆಗೆ ಹೋಗುತ್ತಿದ್ದಳು. ಆದರೆ ನನ್ನ ಮಟ್ಟಿಗೆ ಜ್ವರ ಆ ದಿನವೇ ಶುರು. ಇಂಥವನ್ನೆಲ್ಲ ದೂರದಲ್ಲಿ ನೌಕರಿ ಮಾಡಿದ ಯಾರನ್ನು ಕೇಳಿದರೂ ಹೇಳಿಯಾರು. ನಾನು ಹೇಳಬೇಕಾದದ್ದು ತರಗತಿಯ ಒಳಗೆ ನಡೆದದ್ದು.

ಮೊದಲ ವಾರದ ಒಂದು ದಿನ. ಟಿಪ್ಪಣಿ ಬರೆಯಿಸುತ್ತಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗ ತಲೆ ತಗ್ಗಿಸಿ ಕುಳಿತಿದ್ದ. "ಏನು ಮಾಡುತ್ತಿದ್ದೀಯೆ?" ಎಂದು ಕೇಳಿದೆ. ಅವನು ಎದ್ದು ನಿಂತು, "ಬರ್ಕೊಳ್ಳಿಕ್ಕತ್ತೀನ್ರಿ ಸರ್" ಎಂದ. ಆ ಮಾತು ನನ್ನ ಕಿವಿಗೆ ಎಷ್ಟು ಹೊಸದಾಗಿ ಕೇಳಿಸಿತೆಂದರೆ, ನಾನು ಅದನ್ನು ಅವನ ರಾಗದಲ್ಲಿಯೇ ಇನ್ನೊಮ್ಮೆ ಹೇಳಿ ನಕ್ಕೆ. ಮೇಷ್ಟರು ನಕ್ಕರೆ ತರಗತಿ ನಗದೆ ಇದ್ದೀತೆ? ಇಡೀ ಕೋಣೆ ನಕ್ಕಿತು. ನಗು ನಿಂತ ಮೇಲೆ, "ಕನ್ನಡ ತರಗತಿಯಲ್ಲಿ ಶುದ್ಧವಾದ ಕನ್ನಡವನ್ನು ಆಡಬೇಕು. ಬರೆದುಕೊಳ್ಳುತ್ತಿದ್ದೇನೆ ಎನ್ನು" ಎಂದು ಹೇಳಿದೆ. ಅವನು ಅಂತೆಯೇ ಹೇಳಿ ಕುಳಿತುಕೊಂಡ. ಆ ದಿನ ಸಂಜೆ ನಾನು ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಭಾವನೆಯಿಂದಲೇ ಮನೆಗೆ ಹೋದೆ. ಆ ಹುಡುಗ ಅನಂತರ ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಹಾಜರಿ ಕೂಗಿದಾಗ ಕೈಯೆತ್ತುತ್ತಿದ್ದ, ಅಷ್ಟೆ. ಅವನಿಗಿಂತ ಹೆಚ್ಚಾಗಿ ಗಮನಿಸಬೇಕಾದದ್ದೆಂದರೆ ಉಳಿದವರೂ ಮೆಲ್ಲಮೆಲ್ಲನೆ ಮೌನವಾದರು. ನಕ್ಕವರೆಲ್ಲರ ಮನೆಯ ಮಾತೂ ಅದೇ ಆಗಿತ್ತಲ್ಲ! ನಾಳೆ ತಮ್ಮ ಸರದಿ ಬಂದೀತೆಂದು ಅವರಿಗೆ ಹೊಳೆಯದೆ ಇರುತ್ತದೆಯೆ? ನಾನು ಪ್ರಶ್ನೆ ಕೇಳಿದರೆ ನಲವತ್ತು ಜೊತೆ ಕಣ್ಣುಗಳು ಮೇಜಿನ ಕಡೆ ಬಾಗುತ್ತಿದ್ದವು. ಇವರು ಮಂದಬುದ್ಧಿಗಳೆಂದು ನಾನು ಮನೆಗೆ ಕಾಗದ ಬರೆದೆ.

ನನ್ನ ಕಣ್ಣು ತೆರೆಸಿದವನು ಕಾಲೇಜಿನ ಗಂಟೆ ಬಾರಿಸುವ ಜವಾನ, ವಯಸ್ಸಾದವನು. ದಸರೆಯ ರಜೆಗೆ ಮೊದಲು ಒಂದು ಸಂಜೆ, ಬೀಗ ಹಾಕುತ್ತ ಹಾಕುತ್ತ, "ಹುಡುಗ್ರು ನಿಮ್ಮ ಮಾತು ಕಲೀಲಿಕ್ಕತ್ತಾರ್ರಿ. ನೀವು ಅವ್ರ ಮಾತು ಯಾವಾಗ ಕಲೀತೀರಿ?" ಎಂದ. ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ಕನ್ನಡದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದು ಬಂದವನಿಗೆ, ಕಲಿಯಬೇಕಾದ ಕನ್ನಡ ಇನ್ನೂ ಉಂಟು ಎಂಬ ಮಾತು ನುಂಗಲಾರದ ತುತ್ತಾಯಿತು. ರಜೆಯ ಪ್ರಯಾಣದ ಉದ್ದಕ್ಕೂ ಅದು ಗಂಟಲಲ್ಲಿಯೇ ಉಳಿಯಿತು.

ಈಗ ಆ ಹುಡುಗನ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. "ಬರ್ಕೊಳ್ಳಿಕ್ಕತ್ತೀನಿ" ಎಂದರೆ "ಬರೆದುಕೊಳ್ಳಲಿಕ್ಕೆ ಹತ್ತಿದ್ದೇನೆ" ಎಂದು. ಹತ್ತು ಎಂಬ ಕ್ರಿಯಾಪದಕ್ಕೆ ತೊಡಗು ಎಂಬ ಅರ್ಥ ಉಂಟು. ಮಳೆ ಹತ್ತಿತು, ಅಳಹತ್ತಿದನು ಎಂಬ ಪ್ರಯೋಗಗಳು ನಮ್ಮೆಲ್ಲರಿಗೂ ಪರಿಚಿತವಾದವೇ. ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸಲು ಉತ್ತರದವರು ಈ ಹತ್ತು ಧಾತುವನ್ನು ಬಳಸಿದರೆ, ದಕ್ಷಿಣದವರು ಇರು ಧಾತುವನ್ನು ಬಳಸಿ "ಬರ್ಕೋತಾ ಇದೀನಿ" ಎನ್ನುತ್ತೇವೆ. ಎರಡೂ ವ್ಯಾಕರಣಬದ್ಧವಾದ ರಚನೆಗಳು; ಎರಡೂ ಸವೆದ ರೂಪಗಳು. ಗ್ರಂಥದ "ಬರೆದುಕೊಳ್ಳುತ್ತಿದ್ದೇನೆ" ಎಂಬ ರೂಪ ಬೀದರದವರ ಮನೆಯಲ್ಲಿಯೂ ಇಲ್ಲ, ಶಿವಮೊಗ್ಗದ ನಮ್ಮ ಅಡುಗೆಮನೆಯಲ್ಲಿಯೂ ಇಲ್ಲ. ನಮ್ಮ ಮನೆಯ ಮಾತು ಗ್ರಂಥದ ಮಾತಿಗೆ ನಾಲ್ಕು ಹೆಜ್ಜೆ ಹತ್ತಿರವಿದ್ದುದರಿಂದ ನಾನು ಅದನ್ನೇ ಶುದ್ಧವೆಂದು ತಿಳಿದಿದ್ದೆ.

ಇನ್ನೂ ಒಂದು ಉದಾಹರಣೆ. ನಾವು ಮನೆ ಎಂದರೆ ಅವರು ಮನಿ ಎನ್ನುತ್ತಾರೆ. ಎಲೆ ಎಲಿಯಾಗುತ್ತದೆ, ಬೆಳೆ ಬೆಳಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ. ಪದದ ಕೊನೆಯ ಎಕಾರ ಇಕಾರವಾಗುವುದು ಅಲ್ಲಿಯ ನಿಯಮ. ಉಚ್ಚಾರಣೆಯ ದೋಷ ಒಬ್ಬೊಬ್ಬನಲ್ಲಿ ಒಂದೊಂದು ಬಗೆಯಾಗಿರುತ್ತದೆ. ಒಂದು ಸೀಮೆಯ ಜನವೆಲ್ಲ ಒಂದೇ ರೀತಿ ನುಡಿದರೆ ಅದನ್ನು ದೋಷವೆನ್ನುವುದು ಹೇಗೆ? ಭಾಷಾಶಾಸ್ತ್ರಜ್ಞರು ಈ ದೃಷ್ಟಿಯಿಂದ ಕೆಲಸ ಮಾಡಿಯೂ ಇದ್ದರು. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಗುಲ್ಬರ್ಗದ ಕನ್ನಡ, ನಂಜನಗೂಡಿನ ಕನ್ನಡ ಮೊದಲಾದ ಉಪಭಾಷೆಗಳ ಮೇಲೆ ಒಂದೊಂದು ಪ್ರತ್ಯೇಕ ಪುಸ್ತಕವನ್ನೇ ಪ್ರಕಟಿಸಿತು. ಅದಕ್ಕೂ ಹಿಂದೆ, ಸುಮಾರು ಒಂಬತ್ತನೆಯ ಶತಮಾನದ ನಡುವಿನಲ್ಲಿ, ಕವಿರಾಜಮಾರ್ಗಕಾರನು "ಕನ್ನಡಂಗಳ್" ಎಂದು ಬಹುವಚನದಲ್ಲಿ ಹೇಳಿದ್ದಾನೆ. ಆ ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇರುವುದು ಕಲಬುರಗಿ ಜಿಲ್ಲೆಯಲ್ಲಿ. ಪರೀಕ್ಷೆಗಾಗಿ ಇದನ್ನೆಲ್ಲ ಓದಿ ಅಂಕ ಗಳಿಸಿದ್ದವನು ನಾನು. ಆದರೆ ಓದಿದ್ದು ತರಗತಿಯ ಬಾಗಿಲಲ್ಲಿಯೇ ಉಳಿದು, ಒಳಗೆ ಹೋದದ್ದು ನನ್ನ ಅಭ್ಯಾಸಬಲ ಮಾತ್ರ.

ಆ ಸೀಮೆಯ ಮಾತಿನಲ್ಲಿ ಉರ್ದು ಬಹಳ ಬೆರೆತಿದೆ ಎಂಬುದು ಹೊಸಬರ ಇನ್ನೊಂದು ಆಕ್ಷೇಪಣೆ. ನಾನೂ ಹಾಗೆ ಮೂಗು ಮುರಿದವನೇ. ಒಂದು ದಿನ ಕುತೂಹಲದಿಂದ, ನಾನು ಕಾಲೇಜಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಳಸುವ ಮಾತುಗಳನ್ನು ಪಟ್ಟಿ ಮಾಡಿದೆ. ಹಾಜರಿ, ಗೈರುಹಾಜರಿ, ರಜಾ, ಅರ್ಜಿ, ದಾಖಲೆ, ಕುರ್ಚಿ, ಕಾಗದ. ಇವೆಲ್ಲ ಅರಬ್ಬಿ ಪಾರಸಿಗಳಿಂದ ಬಂದವು. ನಾನು ಕುಳಿತ ಕುರ್ಚಿಯಿಂದ ಹಿಡಿದು ಹಾಜರಿ ಗುರುತು ಹಾಕುವ ಕಾಗದದವರೆಗೆ ಎಲ್ಲವನ್ನೂ ಸಾಲ ತಂದುಕೊಂಡವನು, ಹುಡುಗರ ಬಾಯಿಯ ನಾಲ್ಕು ಸಾಲದ ಮಾತಿಗೆ ಬಡ್ಡಿ ಕೇಳುತ್ತಿದ್ದೆ!

ಉರ್ದು ಅಲ್ಲಿ ಏಕೆ ಬೆರೆಯಿತೆಂಬುದಕ್ಕೆ ಚರಿತ್ರೆಯಿದೆ. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿಯ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಶಿಕ್ಷಣ ಮಾಧ್ಯಮವೂ ಉರ್ದುವೇ. ಕಚೇರಿಯ ಕೆಲಸ ಬೇಕಾದವನು, ಓದು ಮುಂದುವರಿಸಬೇಕಾದವನು ಉರ್ದು ಕಲಿಯಲೇಬೇಕು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿಯನ್ನು ಆ ಜಿಲ್ಲೆಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಏಕೀಕೃತ ರಾಜ್ಯಕ್ಕೆ ಬಂದವು. ನನ್ನ ವಿದ್ಯಾರ್ಥಿಗಳ ಅಜ್ಜಂದಿರು ಕನ್ನಡ ಕಲಿಯಲು ಇಷ್ಟು ಪಾಡುಪಟ್ಟಿದ್ದರು. ಕನ್ನಡ ರಾಜ್ಯವಾಗಿ 28 ವರ್ಷಗಳಾದ ಮೇಲೆ, ಅವರ ಮೊಮ್ಮಕ್ಕಳ ಮುಂದೆ ನಿಂತು, ದಕ್ಷಿಣದಿಂದ ಬಂದ ಕನ್ನಡ ಮೇಷ್ಟರು "ನಿಮ್ಮದು ಕನ್ನಡವೇ ಅಲ್ಲ" ಎಂಬ ಅರ್ಥ ಬರುವಂತೆ ನಕ್ಕಿದ್ದರು. ಇದು ನನಗೆ ಅರ್ಥವಾದ ದಿನ ನಾನು ಪಟ್ಟ ನಾಚಿಕೆಯನ್ನು ಇಲ್ಲಿ ವಿವರಿಸಲಾರೆ.

ಆ ವರ್ಷ ಪಠ್ಯದಲ್ಲಿ ವಚನಗಳಿದ್ದವು. ಬಸವಕಲ್ಯಾಣ ಇರುವುದು ಬೀದರ ಜಿಲ್ಲೆಯಲ್ಲಿಯೇ ಎಂಬುದನ್ನು ಮರೆಯಬಾರದು. ವಚನದಲ್ಲಿ "ನಿಂದು" ಎಂಬ ಮಾತು ಬಂದಾಗ, ವಾಡಿಕೆಯಂತೆ ಕರಿಹಲಗೆಯ ಮೇಲೆ "ನಿಂದು ಎಂದರೆ ನಿಂತು" ಎಂದು ಅರ್ಥ ಬರೆದೆ. ಬರೆಯುತ್ತಿರುವಾಗಲೇ ಹೊಳೆಯಿತು: ಈ ಹುಡುಗರು ದಿನವೂ ಒಬ್ಬರಿಗೊಬ್ಬರು "ನಿಂದ್ರು" ಎನ್ನುತ್ತಾರಲ್ಲ! ನಿಲ್ ಎಂಬ ಧಾತುವಿನಿಂದ ನಿಂದು, ಅದಕ್ಕೆ ಇರು ಸೇರಿ ನಿಂದಿರು, ಅದು ಸವೆದು ನಿಂದ್ರು. ವಚನಕಾರರ ರೂಪ ಇವರ ನಾಲಿಗೆಯ ಮೇಲೆ ಉಳಿದಿದೆ. ಅದನ್ನು ಕಳೆದುಕೊಂಡವನು ನಾನು. ಅರ್ಥ ಬೇಕಾಗಿದ್ದದ್ದು ನನಗೆ, ಅವರಿಗಲ್ಲ. ನಮ್ಮ ಕಡೆ ಆಡುಮಾತಿನಲ್ಲಿ ಅಪರೂಪವಾಗಿರುವ "ಒಯ್ಯು" ಎಂಬ ಹಳೆಯ ಮಾತು ಅಲ್ಲಿ ಸಂತೆಗೆ ಹೋಗುವ ಮುದುಕಿಯ ಬಾಯಲ್ಲಿಯೂ ಇದೆ. ಪದಕೋಶವನ್ನು ಟ್ರಂಕಿನಲ್ಲಿ ಹೊತ್ತು ತಂದಿದ್ದ ನನ್ನ ಸುತ್ತ, ಜೀವಂತ ಪದಕೋಶವೊಂದು ಓಡಾಡುತ್ತಿತ್ತು.

ಅಂದಿನಿಂದ ನಾನು ಒಂದು ಸಣ್ಣ ಕ್ರಮವನ್ನು ಅನುಸರಿಸತೊಡಗಿದೆ. ಹೊಸ ಉಪಾಧ್ಯಾಯರಿಗೆ ಉಪಯೋಗಕ್ಕೆ ಬಂದೀತೆಂದು ಹೇಳುತ್ತೇನೆ. ಕರಿಹಲಗೆಯ ಮೇಲೆ ಮೂರು ಅಂಕಣಗಳನ್ನು ಎಳೆಯುವುದು. ಮೊದಲನೆಯದು "ನಿಮ್ಮ ಮನೆಯ ಮಾತು," ಎರಡನೆಯದು "ನಮ್ಮ ಮನೆಯ ಮಾತು," ಮೂರನೆಯದು "ಪುಸ್ತಕದ ಮಾತು". ಒಂದರಲ್ಲಿ ಹೋಗ್ಲಿಕ್ಕತ್ತೀನಿ, ಎರಡರಲ್ಲಿ ಹೋಗ್ತಾ ಇದೀನಿ, ಮೂರರಲ್ಲಿ ಹೋಗುತ್ತಿದ್ದೇನೆ. ಒಂದರಲ್ಲಿ ಕುಂದ್ರು, ಎರಡರಲ್ಲಿ ಕೂತ್ಕೋ, ಮೂರರಲ್ಲಿ ಕುಳಿತುಕೋ. ಮೊದಲ ಅಂಕಣವನ್ನು ಅವರೇ ತುಂಬಬೇಕು. ಎರಡನೆಯದನ್ನು ನಾನು ತುಂಬುವಾಗ ಅವರು ನಕ್ಕರೆ ನಗಲಿ. ನಾನು ಕೊಟ್ಟಿದ್ದ ನಗುವನ್ನು ಹಿಂದಕ್ಕೆ ಪಡೆದಂತಾಯಿತು. ಮೂರನೆಯ ಅಂಕಣವನ್ನು ಇಬ್ಬರೂ ಕೂಡಿ ಕಲಿಯಬೇಕು, ಏಕೆಂದರೆ ಅದು ಇಬ್ಬರಿಗೂ ಕಲಿತ ಮಾತೇ. ಪರೀಕ್ಷೆಗೆ, ಅರ್ಜಿಗೆ, ಪ್ರಬಂಧಕ್ಕೆ ಮೂರನೆಯದು ಬೇಕು. ಅದನ್ನು ಕಲಿಸದೆ ಬಿಟ್ಟರೆ ವಿದ್ಯಾರ್ಥಿಗೆ ಮಾಡಿದ ದ್ರೋಹವಾಗುತ್ತದೆ. ಆದರೆ ಮೂರನೆಯದನ್ನು ಕಲಿಸಲು ಮೊದಲನೆಯದನ್ನು ಅಳಿಸಬೇಕಾಗಿಲ್ಲ. ಈ ಒಂದು ಕ್ರಮದಿಂದ ಪವಾಡವೇನೂ ನಡೆಯಲಿಲ್ಲ; ಆದರೆ ದೀಪಾವಳಿ ಕಳೆಯುವ ಹೊತ್ತಿಗೆ ಮುಂದಿನ ಎರಡು ಸಾಲುಗಳು ಮಾತನಾಡತೊಡಗಿದವು.

ಊರನ್ನು ಅರಿಯುವುದೆಂದರೆ ಮಾತನ್ನು ಅರಿಯುವುದಷ್ಟೇ ಅಲ್ಲ. ಊರಿನ ಕಾಲಮಾನವನ್ನೂ ಅರಿಯಬೇಕು. ಶ್ರಾವಣ ಭಾದ್ರಪದಗಳಲ್ಲಿ ನನ್ನ ತರಗತಿಯ ಬೆಂಚುಗಳು ಖಾಲಿಯಾಗುತ್ತಿದ್ದವು. ಶಿಸ್ತಿಲ್ಲದ ಹುಡುಗರೆಂದು ದಂಡ ಹಾಕಿದೆ. ಹೆಸರು ಉದ್ದುಗಳ ರಾಶಿಯ ಹಂಗಾಮು ಅದು. ಮಳೆ ಹಿಡಿದುಕೊಂಡರೆ ಬಂದ ಬೆಳೆ ಹೊಲದಲ್ಲಿಯೇ ಕೊಳೆಯುತ್ತದೆ, ಮನೆಯ ಕೈಗಳೆಲ್ಲ ಬೇಕು ಎಂಬುದು ತಿಳಿದದ್ದು ಆಮೇಲೆ. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮಲೆನಾಡಿನ ಶಾಲೆಗಳಲ್ಲಿಯೂ ಹೀಗೆಯೇ ಆಗುತ್ತಿತ್ತು. ಬೆಳೆ ಬೇರೆಯಾದುದರಿಂದ ನನಗೆ ಗುರುತು ಸಿಕ್ಕಿರಲಿಲ್ಲ. ಮರುವರ್ಷದಿಂದ ಕಠಿಣವಾದ ಪಾಠಗಳನ್ನು ಆ ವಾರಗಳಲ್ಲಿ ಇಟ್ಟುಕೊಳ್ಳದೆ ಮುಂದಕ್ಕೆ ಹಾಕಿದೆ. ಯಾವ ತರಬೇತಿಯೂ ಇದನ್ನು ಹೇಳಿಕೊಡುವುದಿಲ್ಲ, ಏಕೆಂದರೆ ಇದು ಊರೂರಿಗೆ ಬೇರೆ.

ಎಳ್ಳಮಾವಾಸ್ಯೆಯ ದಿನ ವಿದ್ಯಾರ್ಥಿಯೊಬ್ಬನ ತಂದೆ ನನ್ನನ್ನು ಹೊಲಕ್ಕೆ ಕರೆದರು. ಬೀದರ ಕಲಬುರಗಿಗಳ ಕಡೆ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಅನಂತರ ಸಾಲಾಗಿ ಕುಳಿತು ಉಣ್ಣುತ್ತಾರೆ. ಸಜ್ಜೆಯ ರೊಟ್ಟಿ, ಕಾಯಿಪಲ್ಯ ಕಾಳುಗಳನ್ನೆಲ್ಲ ಕೂಡಿಸಿ ಮಾಡಿದ ಭಜ್ಜಿ, ಅಂಬಲಿ, ಶೇಂಗಾ ಹಿಂಡಿ. ಎದೆಮಟ್ಟ ಬೆಳೆದ ಬಿಳಿಜೋಳದ ನಡುವೆ ಕುಳಿತು ಉಣ್ಣುವಾಗ, ತರಗತಿಯಲ್ಲಿ ತಲೆ ತಗ್ಗಿಸುತ್ತಿದ್ದ ಹುಡುಗರು ನನಗೆ ಒಂದೊಂದು ಬೆಳೆಯ ಹೆಸರನ್ನೂ, ಒಂದೊಂದು ಕಳೆಯ ಹೆಸರನ್ನೂ ಹೇಳಿಕೊಟ್ಟರು. ನಾನು ತಪ್ಪಾಗಿ ಉಚ್ಚರಿಸಿದಾಗ ಅವರು ನಗಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳಿದರು. ಪಾಠ ಮಾಡುವುದು ಹೇಗೆಂದು ನನಗೆ ಮೊದಲು ತೋರಿಸಿಕೊಟ್ಟವರು ಅವರೇ ಎಂದರೆ ಅತಿಶಯೋಕ್ತಿಯಲ್ಲ.

ಹೀಗೆ ಊರಿಗೆ ವಿದ್ಯಾರ್ಥಿಗಳಾದ ದೊಡ್ಡ ಅಧ್ಯಾಪಕರು ನಮ್ಮಲ್ಲಿ ಆಗಿಹೋಗಿದ್ದಾರೆ. ಪಂಜೆ ಮಂಗೇಶರಾಯರು ಬಂಟವಾಳದವರು, ಮನೆಮಾತು ಕೊಂಕಣಿ. ವೃತ್ತಿಯ ನಿಮಿತ್ತವಾಗಿ ಮಡಿಕೇರಿಗೆ ಹೋದ ಅವರು ಕೊಡಗಿನ ಬೆಟ್ಟಗಳನ್ನೂ ಹಬ್ಬಗಳನ್ನೂ ಕಂಡು "ಹುತ್ತರಿ ಹಾಡು" ಬರೆದರು. ಕೊಡಗಿನವರು ಅದನ್ನು ಪರವೂರ ಮೇಷ್ಟರ ಹಾಡೆಂದು ಬೇರೆಯಿಡಲಿಲ್ಲ, ತಮ್ಮ ಹಾಡೆಂದು ಒಪ್ಪಿಕೊಂಡರು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅಮೆರಿಕಕ್ಕೆ ಹೋಗುವುದಕ್ಕೆ ಮೊದಲು ಕೊಲ್ಲಂ, ಬೆಳಗಾವಿ, ಬರೋಡಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಬೆಳಗಾವಿಯಲ್ಲಿದ್ದಾಗ ಆ ಕಡೆಯ ಜನ ಹೇಳುವ ಕತೆಗಳನ್ನು ಬರೆದುಕೊಳ್ಳತೊಡಗಿದರು. ಮುಂದೆ ಷಿಕಾಗೋದ ದೊಡ್ಡ ವಿದ್ವಾಂಸರಾದಾಗಲೂ ಜನಪದ ಕತೆಗಳ ಆ ಗೀಳು ಅವರನ್ನು ಬಿಡಲಿಲ್ಲ. ಇವರಿಬ್ಬರೂ ಊರು ಸೇರಿದ ದಿನದಿಂದಲೇ ವರ್ಗದ ಅರ್ಜಿ ಬರೆಯುತ್ತ ಕುಳಿತಿದ್ದರೆ ನಾವು ಎಷ್ಟನ್ನು ಕಳೆದುಕೊಳ್ಳುತ್ತಿದ್ದೆವು!

ಬೀದರಕ್ಕಂತೂ ದೂರದಿಂದ ಬರುವ ಗುರುಗಳು ಹೊಸಬರಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ ಅಲ್ಲಿ ಮದರಸವನ್ನು ಕಟ್ಟಿಸಿದ್ದು 1472ರಲ್ಲಿ. ಆತನೇ ಪರ್ಷಿಯದ ಗಿಲಾನ್ ಸೀಮೆಯಿಂದ ಬಂದವನು. ಅದಕ್ಕೂ ಮೂರು ಶತಮಾನಗಳ ಹಿಂದೆ ಕಲ್ಯಾಣಕ್ಕೆ ಬಂದ ಅಲ್ಲಮ ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಎರಡೂ ನನ್ನ ಜಿಲ್ಲೆಯ ಊರುಗಳು. ಶೂನ್ಯಸಂಪಾದನೆಯಲ್ಲಿ ಅಕ್ಕನನ್ನು ಅನುಭವಮಂಟಪದಲ್ಲಿ ಪ್ರಶ್ನೆಗಳಿಂದ ಪರೀಕ್ಷಿಸುವ ಸನ್ನಿವೇಶ ಪ್ರಸಿದ್ಧವಾಗಿದೆ. ಹೊಸಬರನ್ನು ಒರೆಗೆ ಹಚ್ಚಿ ನೋಡುವುದು ಆ ನೆಲದ ಹಳೆಯ ವಾಡಿಕೆಯೆಂದು ತಿಳಿದರೆ, ಹಿಂದಿನ ಬೆಂಚಿನ ಹುಡುಗರ ತುಂಟತನ ಅಷ್ಟೊಂದು ಅಸಹನೀಯವಾಗಿ ಕಾಣುವುದಿಲ್ಲ.

ಇಷ್ಟು ಹೇಳಿದೆನೆಂದು ಏಕಾಂತದ ದುಃಖವನ್ನು ನಾನು ಹಗುರವಾಗಿ ಕಾಣುತ್ತೇನೆಂದು ಭಾವಿಸಬೇಡಿ. ಭಾನುವಾರದ ಮಧ್ಯಾಹ್ನಗಳು ಬಹಳ ಉದ್ದ. ಒಬ್ಬಂಟಿಯಾಗಿ ಬರುವ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಮನೆ ಬಾಡಿಗೆಗೆ ಕೊಡುವ ಮೊದಲು ಅವರಿಗೆ ಕೇಳುವ ಪ್ರಶ್ನೆಗಳನ್ನು ನಮಗೆ ಯಾರೂ ಕೇಳುತ್ತಿರಲಿಲ್ಲ. ಊರಿನವರು, ಹಳೆಯ ಸಹೋದ್ಯೋಗಿಗಳು ಒಂದು ಮನೆ ಹುಡುಕಿಕೊಡುವುದು, ಹಬ್ಬದ ದಿನ ಒಂದು ಎಲೆ ಹೆಚ್ಚು ಹಾಕುವುದು ಶಾಲೆಗೆ ಮಾಡಿದ ಸೇವೆಯೇ. ಹಾಗೆಯೇ ತಂದೆತಾಯಿಗಳ ಅನಾರೋಗ್ಯಕ್ಕಾಗಿ ವರ್ಗವನ್ನು ಕೇಳುವುದೂ ತಪ್ಪಲ್ಲ. ನಾನೂ ಏಳು ವರ್ಷಗಳ ಮೇಲೆ ಕೇಳಿಕೊಂಡು ಬಂದವನೇ. ತಪ್ಪು ಯಾವುದೆಂದರೆ, ಇರುವಷ್ಟು ದಿನವೂ ಇಲ್ಲದವನಂತೆ ಇರುವುದು. ಬಸ್ಸಿಗಾಗಿ ನಿಂತವನು ನಿಲ್ದಾಣದ ಗಿಡಕ್ಕೆ ನೀರು ಹಾಕುವುದಿಲ್ಲ. ಉಪಾಧ್ಯಾಯನ ಮನಸ್ಸು ನಿಲ್ದಾಣದಲ್ಲಿದ್ದರೆ ಅದು ಮಕ್ಕಳಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ಕಾಲ ಬದಲಾಗಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು, ಆ ಭಾಗದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರಕಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿದೆ. ಆ ನೆಲದ ಮಕ್ಕಳಿಗೆ ಆ ನೆಲದ ಉಪಾಧ್ಯಾಯರೇ ಹೆಚ್ಚಾಗಿ ಸಿಗುವುದು ಸಂತೋಷದ ಸಂಗತಿ. ಹಾಗಾದರೆ ನಾನು ಹೇಳಿದ್ದು ಹಳೆಯ ಕತೆಯಾಯಿತೆ? ಆಗಲಿಲ್ಲ. ಇಂದು ಕಲಬುರಗಿ, ಯಾದಗಿರಿ, ರಾಯಚೂರುಗಳ ಕೂಲಿಕಾರರು ಮಕ್ಕಳು ಮರಿಗಳೊಡನೆ ಬೆಂಗಳೂರಿಗೆ ಬಂದು ಕಟ್ಟಡಗಳನ್ನು ಕಟ್ಟುತ್ತಿದ್ದಾರೆ. ಆ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಕುಳಿತಿದ್ದಾರೆ. ಅಂದು ಉಪಾಧ್ಯಾಯನು ದೂರ ಹೋಗುತ್ತಿದ್ದ. ಇಂದು ದೂರದ ಊರೇ ಅವನ ತರಗತಿಗೆ ಬಂದಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳುವ 350(ಎ) ವಿಧಿ 1956ರಲ್ಲಿಯೇ ಸಂವಿಧಾನಕ್ಕೆ ಸೇರಿತು. ಆದರೆ ಒಂದೇ ಭಾಷೆಯ ಒಳಗಿನ ಮನೆಮಾತಿಗೆ ಅಂಥ ರಕ್ಷಣೆ ಯಾವ ಕಾನೂನಿನಲ್ಲಿಯೂ ಇರಲಾರದು. ಅದು ಇರುವುದು ಉಪಾಧ್ಯಾಯನ ಕಿವಿಯಲ್ಲಿ.

ಕೊನೆಯದಾಗಿ ಆ ಹುಡುಗನ ವಿಷಯ. ಮೂರು ಅಂಕಣಗಳ ಕ್ರಮ ಶುರುವಾದ ಮೇಲೆ ಅವನನ್ನು ಮಾತನಾಡಿಸಲು ನಾನು ಮಾಡಿದ ಪ್ರಯತ್ನಗಳು ಒಂದೆರಡಲ್ಲ. ಅವನು ವಿನಯದಿಂದ ಎದ್ದು ನಿಲ್ಲುತ್ತಿದ್ದ, ಪುಸ್ತಕದ ಮಾತಿನಲ್ಲಿ ಒಂದು ಪದದ ಉತ್ತರ ಕೊಟ್ಟು ಕುಳಿತುಕೊಳ್ಳುತ್ತಿದ್ದ. ಕನ್ನಡದಲ್ಲಿ ಒಳ್ಳೆಯ ಅಂಕಗಳಿಂದಲೇ ಉತ್ತೀರ್ಣನಾದ. ಪ್ರಮಾಣಪತ್ರ ಒಯ್ಯಲು ಬಂದ ದಿನ ವರಾಂಡದಲ್ಲಿ ಸಿಕ್ಕಿದ. "ಮುಂದೆ ಏನ್ ಮಾಡ್ಲಿಕ್ಕತ್ತೀಪಾ?" ಎಂದು, ಅಷ್ಟು ದಿನಗಳಲ್ಲಿ ಕಲಿತಿದ್ದ ಅವನ ಮಾತಿನಲ್ಲಿಯೇ ಕೇಳಿದೆ. ಅವನು ಒಂದು ಕ್ಷಣ ನನ್ನ ಮುಖವನ್ನು ನೋಡಿ, "ಪದವಿ ತರಗತಿಗೆ ಸೇರುತ್ತಿದ್ದೇನೆ, ಸರ್" ಎಂದ. ಒಂದು ಅಕ್ಷರವೂ ತಪ್ಪಿರಲಿಲ್ಲ. ನಾನು ಕಲಿಸಿದ ಶುದ್ಧ ಕನ್ನಡವದು. ನಮಸ್ಕಾರ ಮಾಡಿ ಹೊರಟುಹೋದ.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದೆ. ಆ ಶುದ್ಧವಾದ ವಾಕ್ಯ ಮಾತ್ರ ಇನ್ನೂ ಕಿವಿಯಲ್ಲಿದೆ. ಈ ವರ್ಷ ಎಲ್ಲಿಯೋ ಒಂದು ಬಸ್ಸಿನಿಂದ ಇಳಿದು, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡು, ಗೊತ್ತಿಲ್ಲದ ಊರನ್ನು ನೋಡುತ್ತ ನಿಂತಿರುವ ಹೊಸ ಉಪಾಧ್ಯಾಯರಿಗೆ ನಾನು ಹೇಳಬಹುದಾದದ್ದು ಇಷ್ಟೇ: ಮೊದಲ ತಿಂಗಳು ಅವರ ಮಾತನ್ನು ತಿದ್ದಬೇಡಿ, ಕೇಳಿಸಿಕೊಳ್ಳಿ. ತಿದ್ದುವುದಕ್ಕೆ ಮುಂದೆ ಬೇಕಾದಷ್ಟು ದಿನಗಳಿವೆ.

(ಬಾನುಲಿ ಭಾಷಣ, ಆಕಾಶವಾಣಿಯ ಕೃಪೆ)